ಬಿಡಕಿನ್ ಕೆರೆಯ ಕೊನೆಯ ಕಪ್ಪೆ

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಕಪ್ಪೆಮನೆಯ ಬೀಗ ತೆಗೆದು ಒಳಗೆ ಹೋದಾಗ ಗುಂಡವ್ವ ತನ್ನ ತೊಟ್ಟಿಯಲ್ಲಿ ಅಂಗಾತ ಬಿದ್ದಿದ್ದಳು. ಬಿಳಿ ಹೊಟ್ಟೆ ಮೇಲೆ, ನಾಲ್ಕೂ ಕಾಲು ಸಡಿಲ. ಕೈಯಲ್ಲಿದ್ದ ಬಿದಿರು ಕೋಲಿನಿಂದ ತೊಟ್ಟಿಯ ಅಂಚಿಗೆ ಮೂರು ಸಲ ಬಡಿದೆ. ದಿನಾ ಆ ಸದ್ದಿಗೆ ಊಟಕ್ಕೆಂದು ಕುಪ್ಪಳಿಸಿ ಬರುವವಳು ಅವತ್ತು ಕದಲಲಿಲ್ಲ.

ಗುಂಡವ್ವ ಎಂದರೆ ಕಪ್ಪೆ. ಮಳೆಗಾಲದಲ್ಲಿ ಹೊಲದ ನೀರಿನಲ್ಲಿ ಕೂಗುತ್ತದಲ್ಲ, ಆ ದೊಡ್ಡ ಜಾತಿಯದು. ಹೆಸರಿಟ್ಟವನು ನಾನೇ. ಓಝರ್ ವಿಮಾನ ಕಾರ್ಖಾನೆಯ ಕ್ಯಾಂಟೀನಿನಿಂದ ನಿವೃತ್ತನಾದ ಮೇಲೆ ಪಕ್ಕದ ನಾಸಿಕದ ಒಂದು ಕಾಲೇಜಿನಲ್ಲಿ ಕಪ್ಪೆ ಸಾಕುವ ಕೆಲಸಕ್ಕೆ ಸೇರಿದ್ದೆ. ಎರಡು ಸಾವಿರದ ಹದಿನಾಲ್ಕರ ಜುಲೈ ತಿಂಗಳ ಮಾತು ಇದು.

ಕಪ್ಪೆಗಳು ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹರಿಪ್ರಿಯಾಳವು. ಅವಳ ತಂದೆ ಬ್ಯಾಂಕಿನಲ್ಲಿದ್ದವರು, ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ನಾಸಿಕದಲ್ಲೇ ಉಳಿದರು. ಹುಡುಗಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಮಾತಾಡುವಾಗ ಅರ್ಧ ಮರಾಠಿ. ಆರು ವರ್ಷದಿಂದ ಅವಳು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು: ಕಪ್ಪೆಯ ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ಅಪ್ಪನಿಂದ ಬರುತ್ತದೋ ಅವ್ವನಿಂದಲೋ?

ಅದನ್ನು ಆಕೆ ನನಗೆ ತಿಳಿಯುವ ಹಾಗೆ ಹೇಳಿಕೊಟ್ಟಿದ್ದಳು. ಜೀವಿಗಳ ಮೈಯಲ್ಲಿ ವರ್ಣತಂತು ಎಂಬ ಎಳೆಗಳು ಜೋಡಿಜೋಡಿಯಾಗಿ ಇರುತ್ತವೆ. ಗಂಡು ಹೆಣ್ಣು ನಿರ್ಧರಿಸುವುದು ಅವುಗಳಲ್ಲಿ ಒಂದು ಜೋಡಿ. ಮನುಷ್ಯರಲ್ಲಿ ಆ ಜೋಡಿ ಹಳೆಯದು. ಗಂಡಸರಲ್ಲಿ ಅದರ ಒಂದು ಎಳೆ ಸವೆದು ಚಿಕ್ಕದಾಗಿದೆ, ನೋಡಿದರೇ ಗೊತ್ತಾಗುತ್ತದೆ. ಕಪ್ಪೆಗಳಲ್ಲಿ ಬಹಳ ಸಲ ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಅವು ಕಾಲಕಾಲಕ್ಕೆ ಆ ಜೋಡಿಯನ್ನೇ ಬದಲಾಯಿಸಿಕೊಳ್ಳುತ್ತವೆ.

"ಅಂದರ ಸವೆಯೂಕಿಂತ ಮೊದಲ ಹೊಸ ಚಪ್ಪಲಿ ಕೊಂಡಂಗ," ಎಂದಿದ್ದೆ ನಾನು. ಅವಳು ನಕ್ಕು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ಜಪಾನ್ ದೇಶದಲ್ಲಿ ಒಂದೇ ಜಾತಿಯ ಕಪ್ಪೆ ಗಂಡೋ ಹೆಣ್ಣೋ ಎಂಬುದು ಒಂದು ಸೀಮೆಯಲ್ಲಿ ಅಪ್ಪನ ಕಡೆಯಿಂದ, ಇನ್ನೊಂದು ಸೀಮೆಯಲ್ಲಿ ಅವ್ವನ ಕಡೆಯಿಂದ ನಿರ್ಧಾರವಾಗುತ್ತದಂತೆ. ನಮ್ಮಲ್ಲೂ ಹಾಗೇ ಇದೆಯೆಂದು ಹರಿಪ್ರಿಯಾಳ ಗುಮಾನಿ. ನಾಸಿಕದ ಕಪ್ಪೆಗಳಲ್ಲಿ ಅಪ್ಪನಿಂದ ಎಂದು ಆಗಲೇ ತೋರಿಸಿದ್ದಳು. ಉಳಿದದ್ದು ಔರಂಗಾಬಾದಿನ ಹತ್ತಿರದ ಬಿಡಕಿನ್ ಕೆರೆಯ ಕಪ್ಪೆಗಳು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ಆಗ ನಾವು ಔರಂಗಾಬಾದ್ ಎಂದೇ ಕರೆಯುತ್ತಿದ್ದೆವು.

ಆ ಕೆರೆಯ ಮೊಟ್ಟೆ ತಂದು, ಗೊದಮೊಟ್ಟೆಗಳಿಗೆ ನೀರಿನಲ್ಲಿ ಔಷಧ ಬೆರೆಸಿ, ಎಲ್ಲವೂ ಹೆಣ್ಣಾಗುವಂತೆ ಮಾಡಿದ್ದಳು. ಅವುಗಳಲ್ಲಿ ದೊಡ್ಡದಾಗಿ ಉಳಿದದ್ದು ಗುಂಡವ್ವ ಒಬ್ಬಳೇ. ಹಿಂದಿನ ಮಳೆಗಾಲದಲ್ಲಿ ಅದೇ ಕೆರೆಯ ಗಂಡಿನ ಜೊತೆ ಬಿಟ್ಟಾಗ ಅವಳಿಗೆ ಹನ್ನೊಂದು ಮರಿ ಬದುಕಿದವು, ಹನ್ನೊಂದೂ ಗಂಡು. ಅಲ್ಲಿಗೆ ಗುಂಡವ್ವ ಹುಟ್ಟಿನಿಂದ ಗಂಡು, ಔಷಧದಿಂದ ಹೆಣ್ಣು ಎಂದು ಗೊತ್ತಾಯಿತು. ಬಿಡಕಿನ್‌ನಲ್ಲಿ ಅವ್ವನಿಂದಲೇ ನಿರ್ಧಾರ ಎಂದಾದರೆ ಇಂಥವಳಿಗೆ ಹೆಣ್ಣು ಮರಿ ಹುಟ್ಟುವುದೇ ಇಲ್ಲ, ಹೆಣ್ಣು ಮಾಡುವ ಎಳೆ ಹುಟ್ಟಿನಿಂದ ಗಂಡಾದವಳ ಮೈಯಲ್ಲಿ ಇರುವುದಿಲ್ಲ. ಅಪ್ಪನಿಂದ ಎಂದಾದರೆ ಆ ಎಳೆ ಇಬ್ಬರಲ್ಲೂ ಒಂದೊಂದು ಇರುತ್ತದೆ, ನಾಲ್ಕಕ್ಕೆ ಒಂದಾದರೂ ಹೆಣ್ಣು ಬರಬೇಕು. ಹನ್ನೊಂದು ಮರಿ ಸಾಲದು, ನೂರು ಬೇಕು. ಸೆಪ್ಟೆಂಬರಿಗೆ ಹರಿಪ್ರಿಯಾಳ ಸಂಶೋಧನೆಯ ಅವಧಿ ಮುಗಿಯುತ್ತಿತ್ತು. ಕೆರೆಯೂ ಇರಲಿಲ್ಲ, ಕಾರ್ಖಾನೆಗಳ ಜಾಗಕ್ಕೆಂದು ನೆಲ ಸಮ ಮಾಡುವಾಗ ಮುಚ್ಚಿಹೋಗಿತ್ತು. ಆ ಕೆರೆಯ ಹೆಣ್ಣು ಅಂತ ಇದ್ದವಳು ಇವಳೊಬ್ಬಳೇ, ಹೊಟ್ಟೆ ತುಂಬ ಮೊಟ್ಟೆ ಹೊತ್ತುಕೊಂಡು.

ಹರಿಪ್ರಿಯಾ ಬಂದು ತೊಟ್ಟಿಯ ಪಕ್ಕ ಕುಸಿದಳು. "ಅಜ್ಜಾ, ಸಗಳಂ ಗೇಲಂ... ಎಲ್ಲಾ ಹೋಯ್ತು."

ಅವಳ ಗುರು ಸುಧೀರ ಸರ್ ಬಂದರು. ನಿಫಾಡ್‌ನ ದ್ರಾಕ್ಷಿ ತೋಟದ ಮನೆತನದವರು, ದೊಡ್ಡ ದನಿ. ರಿಜಿಸ್ಟರ್ ತೆಗೆದು ಗುರುತು ಓದಿದರು: "ಬಲ ಹಿಂಗಾಲು, ಮೂರನೆಯ ಬೆರಳು ಕತ್ತರಿಸಿದೆ." ಸತ್ತ ಕಪ್ಪೆಯ ಬಲಗಾಲು ಎತ್ತಿ ನೋಡಿ, "ಇದೇ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಕಿಟ್ಟಣ್ಣಾ, ನಳದ ನೀರು ಹಾಕಿದೆಯಾ? ಕ್ಲೋರಿನ್ ನೀರಿಗೆ ಕಪ್ಪೆ ಸಾಯುತ್ತದೆಂದು ಎಷ್ಟು ಸಲ ಹೇಳಿದ್ದೇನೆ?"

"ಇಲ್ಲ ಸರ್."

"ಮತ್ತೆ ತಾನೇ ಸತ್ತಿತೇ?"

ಸತ್ತ ಕಪ್ಪೆಯನ್ನು ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಫ್ರಿಜ್ಜಿನಲ್ಲಿ ಇರಿಸಿ, ನೇರ ಗಿರಿಜಮ್ಮನವರ ಮನೆಗೆ ಹೋದೆ.

ಗಿರಿಜಮ್ಮನವರದು ನಮ್ಮ ಪಕ್ಕದ ಮನೆ. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಕಾರ್ಖಾನೆಯ ಕನ್ನಡಿಗರ ಮನೆಗಳಲ್ಲಿ ಬಗೆಹರಿಯದ್ದು ಏನಾದರೂ ಆದರೆ ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೇ ಬರುತ್ತಿತ್ತು. ಜೊತೆಗೆ ಹೋಗುವವನು ನಾನು. ಕೊಡೆ ಹಿಡಿಯುವುದು, ನೋಡಿದ್ದನ್ನು ನೆನಪಿಡುವುದು, ಇಷ್ಟೇ ನನ್ನ ಕೆಲಸ.

"ಅಕ್ಕಾರ, ಗುಂಡವ್ವ ಹೋದಳ್ರಿ."

"ಯಾವ ಗುಂಡವ್ವ? ಹಾಲು ಹಾಕೂ ಗುಂಡವ್ವ?"

"ಅಲ್ರಿ. ಕಪ್ಪಿ ಗುಂಡವ್ವ."

ಅವರು ನಗಲಿಲ್ಲ. ನನ್ನ ಮುಖ ನೋಡಿ ಸೀರೆ ಸರಿಮಾಡಿಕೊಂಡು ಎದ್ದರು. "ಕನ್ನಡಕ ತಗೋ. ನಡಿ."

ಮಧ್ಯಾಹ್ನ ಕಪ್ಪೆಮನೆಯಲ್ಲಿ ಅವರು ಸತ್ತ ಕಪ್ಪೆಯನ್ನು ಅಂಗೈಮೇಲೆ ಮಲಗಿಸಿ, ಹುಟ್ಟಿದ ಕೂಸನ್ನು ನೋಡುವ ಹಾಗೆ ನೋಡಿದರು. ಕಂಕುಳು, ತೊಡೆಯ ಸಂದು, ಬೆರಳ ನಡುವಿನ ತೊಗಲು. ಒಂದು ಕಡೆ ಬೆರಳಿನಿಂದ ಒರೆಸಿ ನನ್ನ ಮುಂದೆ ಹಿಡಿದರು. ಮಣ್ಣಿನ ಜೊತೆ ತಿಳಿನೀಲಿ ಹರಳು.

"ಏನಿದು ಕಿಟ್ಟಣ್ಣ?"

"ಮೈಲುತುತ್ತರೀ. ದ್ರಾಕ್ಷಿ ಬಳ್ಳಿಗೆ ಸುಣ್ಣದ ಜೋಡಿ ಕಲಿಸಿ ಹೊಡೀತಾರ."

"ನಿನ್ನ ತೊಟ್ಟಿಯೊಳಗ ಹೆಂಗ ಬಂತು?"

"ನನ್ನ ತೊಟ್ಟಿಯೊಳಗ ಮಣ್ಣ ಇರೂದಿಲ್ಲರಿ. ದಿನಾ ತಿಕ್ಕತೀನಿ."

ಅವರು ಕಪ್ಪೆಯ ಹಿಂಗಾಲು ನನ್ನ ಕಡೆ ತಿರುಗಿಸಿದರು. ನಾನು ಕತ್ತರಿಸಿದ ಬೆರಳು ನೋಡಿದೆ. ಉಗುಳು ನುಂಗಿ ಸುಮ್ಮನೆ ನಿಂತೆ. ಅವರೂ ಆಗ ಏನೂ ಕೇಳಲಿಲ್ಲ.

ಹರಿಪ್ರಿಯಾಳನ್ನು ಕೂರಿಸಿಕೊಂಡು ವಿಚಾರಿಸಿದರು. "ನಿನ್ನೆ ಇಲ್ಲಿ ಯಾರ್ಯಾರು ಬಂದಿದ್ರು ಮಗಳ?"

"ಸೋಮವಾರ ಮೀಟಿಂಗ್ ಇತ್ತು ಆಜಿ. ಸುಧೀರ ಸರ್ ಇದ್ದರು. ಔರಂಗಾಬಾದಿನಿಂದ ಮೃಣಾಲಿನಿ ಮ್ಯಾಡಮ್ ಬಂದಿದ್ದರು. ನಾಲ್ಕಕ್ಕೆ ಕಾರಿನಲ್ಲಿ ವಾಪಸ್ ಹೋದರು. ತನ್ಮಯ ಭಾನುವಾರ ತೂಕ ಮಾಡಿ ಸಿನ್ನರ್‌ಗೆ, ಅವನ ಮನೆಗೆ ಹೋದ. ಇನ್ನೂ ಬಂದಿಲ್ಲ."

"ಬೀಗದ ಕೈ?"

"ಅಜ್ಜನ ಹತ್ತಿರ ಒಂದು. ನನ್ನದು ತನ್ಮಯಗೆ ಕೊಟ್ಟೀನಿ. ಒಂದು ಸರ್ ಮೇಜಿನ ಮೇಲೆ ಯಾವಾಗಲೂ ಇರ್ತದ."

ತನ್ಮಯ ಅವಳ ಜೊತೆ ಸಂಶೋಧನೆ ಮಾಡುತ್ತಿದ್ದ ಹುಡುಗ, ಅವಳಿಗಿಂತ ಮೂರು ವರ್ಷ ಚಿಕ್ಕವನು. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಬರುವ ಮೊದಲು ಹರಿಪ್ರಿಯಾ ತನ್ನ ಡಬ್ಬಿಯ ಮೊದಲ ಚಪಾತಿ ನನಗೆ ಕೊಡುತ್ತಿದ್ದಳು. ಅವನು ಬಂದ ಮೇಲೆ ಅವನಿಗೆ. ತೂಕ ಮಾಡುವ ಕೆಲಸ ನನ್ನದಾಗಿತ್ತು, ಅದೂ ಅವನಿಗೆ ಹೋಯಿತು. ಬೀಗದ ಕೈ ಅವನ ಕಿಸೆಯಲ್ಲಿ ಕಂಡ ದಿನ ನಾನು ಊಟ ಮಾಡಿರಲಿಲ್ಲ.

"ಅವನೇರಿ ಅಕ್ಕಾರ," ಎಂದೆ ದಾರಿಯಲ್ಲಿ. "ಹರಿಪ್ರಿಯಾನ್ನ ಹೈದರಾಬಾದಿನ ದೊಡ್ಡ ಸಭಾಕ್ಕ ಕರದಾರ. ಅವನು ಬರದದ್ದು ವಾಪಸ್ ಬಂತು. ಅವತ್ತಿಂದ ಮಾರಿ ಸಣ್ಣದು ಮಾಡ್ಯಾನ."

"ಹಂಗೇನು," ಎಂದರು ಗಿರಿಜಮ್ಮ, ಅಷ್ಟೇ.

ಬುಧವಾರ ಅವರು ಸುಧೀರ ಸರ್ ಬಳಿ ಹೋದರು. ಸರ್ ಜೊತೆಯ ಮಾತೆಲ್ಲ ಮರಾಠಿಯಲ್ಲಿ; ಇಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇನೆ. ಮೈಲುತುತ್ತದ ಮಾತೆತ್ತಿದ ಕೂಡಲೇ ಸರ್ ಕೆಂಪಾದರು.

"ನಮ್ಮಣ್ಣನ ತೋಟದ ಬಾವಿಯಿಂದ ಜೂನಿನಲ್ಲಿ ಹನ್ನೆರಡು ಕಪ್ಪೆ ಹಿಡಿಸಿದ್ದು ನಿಜ. ಅರಣ್ಯ ಇಲಾಖೆಯ ಪರವಾನಗಿ ಇದೆ. ಎಂಟು ಇಲ್ಲಿಟ್ಟೆ, ನಾಲ್ಕನ್ನು ತೋಟದ ಮಣ್ಣಿನ ಸಮೇತ ಬುಟ್ಟಿಯಲ್ಲಿ ಮೃಣಾಲಿನಿಗೆ ಕಳಿಸಿದೆ. ಎಂಟೂ ಅಲ್ಲೇ ಇವೆ, ಎಣಿಸಿಕೊಳ್ಳಿ."

ಎಣಿಸಿದೆವು. ಎಂಟೂ ಇದ್ದವು. ಬಂದ ದಿನವೇ ನಾನು ತೊಳೆದು ಬಿಟ್ಟಿದ್ದೆ; ಒಂದರ ಮೈಮೇಲೂ ಮಣ್ಣಿರಲಿಲ್ಲ.

"ಹುಡುಗಿಯ ಕೆಲಸ ನಿಂತದ್ದು ನಿಮಗೆ ದುಃಖವೇ ಸರ್?" ಎಂದು ಗಿರಿಜಮ್ಮ ಕೇಳಿದರು.

"ಎಂಥ ಪ್ರಶ್ನೆ!"

"ಹೈದರಾಬಾದಿನ ಪತ್ರ ಅವಳ ಹೆಸರಿಗೆ ಬಂತಂತೆ. ನಿಮ್ಮ ಹೆಸರು ಕೆಳಗಂತೆ."

ಸರ್ ಕಿಟಕಿಯ ಕಡೆ ನೋಡಿದರು.

ಗುರುವಾರ ತನ್ಮಯ ಸಿನ್ನರ್‌ನಿಂದ ಬಂದ. ಗಿರಿಜಮ್ಮ ನನ್ನನ್ನು ಚಹಾ ತರಲು ಕಳಿಸಿ ಅವನ ಜೊತೆ ಒಬ್ಬರೇ ಮಾತಾಡಿದರು. ನಾನು ಬರುವಷ್ಟರಲ್ಲಿ ಮುಗಿದಿತ್ತು. ಹುಡುಗನ ಕಣ್ಣು ಒದ್ದೆಯಾಗಿತ್ತು. ನನಗೆ ಒಳಗೊಳಗೇ ಸಮಾಧಾನವಾಯಿತು. ಸಿಕ್ಕಿಬಿದ್ದ ಎಂದುಕೊಂಡೆ.

ಮನೆಗೆ ಬಂದು ಕಟ್ಟೆಯ ಮೇಲೆ ಕೂತಾಗ ಅವರು ಕೇಳಿದರು: "ಕಿಟ್ಟಣ್ಣ, ಮಂಗಳವಾರ ಆ ಕಾಲು ನೋಡಿ ಉಗುಳು ನುಂಗಿದಿ. ಯಾಕ? ಎರಡು ದಿನ ತಡದೀನಿ. ಇನ್ನ ನೀನಾಗೇ ಹೇಳು."

ನಾನು ತಲೆ ತಗ್ಗಿಸಿದೆ. "ಎರಡು ವರ್ಷದ ಹಿಂದ ಗುರುತಿಗೆ ಬೆರಳು ಕತ್ತರಿಸಿದಾವ ನಾನ್ರಿ. ಹರಿಪ್ರಿಯಾ ಬಲಗಾಲು ಅಂತ ಹೇಳಿ ಪುಸ್ತಕದಾಗ ಬರದಳು. ನಾ ಕಪ್ಪಿನ್ನ ಹೊಟ್ಟಿ ಮ್ಯಾಲ ಮಾಡಿ ಹಿಡದಿದ್ದೆ. ನನ್ನ ಬಲಗೈ ಕಡೆ ಇದ್ದ ಕಾಲು ಕಪ್ಪೀದು ಎಡಗಾಲು. ಅದನ್ನ ಕತ್ತರಿಸಿದೆ. ಮರುದಿನ ಗೊತ್ತಾತು. ಕೆಲಸ ಹೋದೀತು ಅಂತ ಬಾಯಿ ಬಿಡಲಿಲ್ಲ."

"ಸತ್ತಿದ್ದು?"

"ಅದರದು ಬಲಗಾಲು ಕತ್ತರಿಸೇದರಿ. ಅದು ಗುಂಡವ್ವ ಅಲ್ಲ."

"ಗೊತ್ತಿದ್ದೂ ಎರಡು ದಿನ ಸುಮ್ಮನಿದ್ದಿ?"

"ತಪ್ಪು ಹೊರಗ ಬರತದಂತ ಅಂಜಿಕಿ. ಮತ್ತ..."

"ಮತ್ತ, ತನ್ಮಯನ ಮ್ಯಾಲೆ ಬರಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಅಂದರ ಗುಂಡವ್ವ ಜೀವಂತ ಅದಾಳ," ಎಂದರು. "ಹಾಳು ಮಾಡೂದಷ್ಟ ಇದ್ದರ ಅಕಿನ್ನ ಕೊಂದಿರತಿದ್ರು. ಬದಲಿ ತಯಾರು ಮಾಡಿ ತಂದು ಇಡೂ ಜರೂರ ಇರಲಿಲ್ಲ."

ಅದೇ ಸಂಜೆ ಮೃಣಾಲಿನಿ ಮ್ಯಾಡಮ್ ಫೋನ್ ಮಾಡಿದರು. ಔರಂಗಾಬಾದಿನ ಕಾಲೇಜಿನಲ್ಲಿ ಪಾಠ ಹೇಳುವವರು, ಸುಧೀರ ಸರ್ ಅವರ ಹಳೆಯ ಶಿಷ್ಯೆ. ಹನ್ನೆರಡು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಬಿಡಕಿನ್ ಕಪ್ಪೆಗಳ ವರ್ಣತಂತು ನೋಡಿದವರು. ಹರಿಪ್ರಿಯಾಗೆ ಮೊದಲು ಮೊಟ್ಟೆ ಕೊಟ್ಟವರೂ ಅವರೇ. ಅವಳ ಸಂಶೋಧನೆಯ ಮೇಲ್ವಿಚಾರಣೆಯ ಸಮಿತಿಯಲ್ಲಿದ್ದರು, ತಿಂಗಳಿಗೊಮ್ಮೆ ಬಂದು ರಿಜಿಸ್ಟರ್ ನೋಡಿ ಸಹಿ ಮಾಡುತ್ತಿದ್ದರು. ತೊಟ್ಟಿಯ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಕಪ್ಪೆ ಮುಟ್ಟಿದರೆ ಕೈ ತುರಿಸುತ್ತದೆ, ನನಗೆ ಗಾಜಿನ ಸ್ಲೈಡೇ ಸಾಕು ಎನ್ನುತ್ತಿದ್ದರು.

"ಕಾಕಾ, ನಿಮ್ಮ ಮೇಲೆ ಬಂತಂತೆ. ಕೇಳಿ ಕೆಟ್ಟದೆನಿಸಿತು," ಎಂದರು ಮರಾಠಿಯಲ್ಲಿ. ಎರಡು ಸಮಾಧಾನದ ಮಾತಾಡಿದರು. ಆಮೇಲೆ, "ಹಾಂ, ಒಂದು ಮಾತು. ಇಲ್ಲಿ ನನ್ನ ಒಂದು ಕಪ್ಪೆ ಮೂರು ದಿನದಿಂದ ಹುಳ ಮುಟ್ಟುತ್ತಿಲ್ಲ. ನೀವು ಹೇಗೆ ತಿನ್ನಿಸುತ್ತೀರಿ?" ಎಂದರು.

ಕೋಲಿನ ತುದಿಗೆ ಹುಳ ಸಿಕ್ಕಿಸಿ, ಅಂಚಿಗೆ ಮೂರು ಸಲ ಬಡಿದು, ಮೂತಿಯ ಮುಂದೆ ಆಡಿಸಬೇಕೆಂದು ಹೇಳಿಕೊಟ್ಟೆ. ಅವರು ಧನ್ಯವಾದ ಹೇಳಿದರು.

ಇದನ್ನು ಗಿರಿಜಮ್ಮನವರಿಗೆ ಹೇಳಿದ್ದು ಮೃಣಾಲಿನಿ ಮ್ಯಾಡಮ್ ಎಷ್ಟು ಒಳ್ಳೆಯವರು ಎಂದು ತೋರಿಸಲಿಕ್ಕೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ಮೂರು ದಿನದಿಂದ ಅಂತ ಅಂದ್ರೇನು?"

"ಹೂಂ ರಿ."

"ಶನಿವಾರ ಎಲ್ಲಾರೂ ಔರಂಗಾಬಾದಿಗೆ ಹೋಗೂದದ. ಸತ್ತ ಕಪ್ಪಿ ಬಗ್ಗೆ ಮ್ಯಾಡಮ್ ಕಡೆಯಿಂದ ಒಂದು ವರದಿ ಬೇಕು ಅಂತ ಹರಿಪ್ರಿಯಾ ಸರ್‌ಗೆ ಹೇಳಲಿ. ನೀ ನಿನ್ನ ಕೋಲು ಮರೀಬ್ಯಾಡ."

ಶನಿವಾರ ಹನ್ನೊಂದು ಗಂಟೆಗೆ ಮೃಣಾಲಿನಿ ಮ್ಯಾಡಮ್ ಅವರ ಪ್ರಯೋಗಶಾಲೆಯಲ್ಲಿ ಎಲ್ಲರೂ ಸೇರಿದೆವು. ಹೊರಗೆ ಮೋಡ ಕವಿದಿತ್ತು. ಗೋಡೆಯುದ್ದಕ್ಕೂ ಹನ್ನೆರಡು ತೊಟ್ಟಿ, ಮೇಲೆ ಜಾಳಿಗೆ. ಮ್ಯಾಡಮ್ ಎಲ್ಲರಿಗೂ ಕುರ್ಚಿ ಹಾಕಿಸಿದರು. ನಾನು ಬಾಗಿಲ ಬಳಿ ನಿಂತೆ. ಸತ್ತ ಕಪ್ಪೆಯ ತಟ್ಟೆ ಮೇಜಿನ ನಡುವೆ ಇತ್ತು.

ಗಿರಿಜಮ್ಮ ಮರಾಠಿಯಲ್ಲೇ ಶುರುಮಾಡಿದರು.

"ನಾನು ನಿಮ್ಮಷ್ಟು ಓದಿದವಳಲ್ಲ, ಹೆರಿಗೆ ಮಾಡಿಸಿದವಳು. ಒಂದು ಹೇಳುತ್ತೇನೆ, ಇದು ಗುಂಡವ್ವ ಅಲ್ಲ."

ಹರಿಪ್ರಿಯಾ ಎದ್ದು ನಿಂತಳು. ಗಿರಿಜಮ್ಮ ಅವಳ ಕೈ ಹಿಡಿದು ಕೂರಿಸಿದರು.

"ರಿಜಿಸ್ಟರ್‌ನಲ್ಲಿ ಬಲಗಾಲು ಎಂದಿದೆ. ಇದರದು ಬಲಗಾಲೇ. ಆದರೆ ಗುಂಡವ್ವನಿಗೆ ಇಲ್ಲದ ಬೆರಳು ಎಡಗಾಲಿನದು. ಕತ್ತರಿಸುವಾಗ ಕಪ್ಪೆ ಅಂಗಾತ ಇತ್ತು, ಎಡ ಬಲ ಅದಲುಬದಲಾಯಿತು. ಕತ್ತರಿಸಿದವನು ಇಗೋ ನಿಂತಿದ್ದಾನೆ." ಎಲ್ಲರೂ ನನ್ನನ್ನು ನೋಡಿದರು. "ಅಂದಮೇಲೆ ಈ ಬದಲಿ ಕಪ್ಪೆಯನ್ನು ತಯಾರು ಮಾಡಿದವರು ಗುಂಡವ್ವನನ್ನು ಕೈಯಲ್ಲಿ ಹಿಡಿದವರಲ್ಲ. ಪುಸ್ತಕದಲ್ಲಿ ಓದಿದವರು. ಹಾಗಾಗಿ ಕಿಟ್ಟಣ್ಣ ಅಲ್ಲ. ತನ್ಮಯನೂ ಅಲ್ಲ."

"ತನ್ಮಯ ಯಾಕ ಅಲ್ಲ?" ನನ್ನ ಬಾಯಿಂದ ಬಂದೇಬಿಟ್ಟಿತು.

"ನಾನು ಕೇಳುವ ಮೊದಲೇ ಎಡಗಾಲು ಎಂದ. ವಾರವಾರ ತೂಕ ಮಾಡುವವನು, ಒಂದು ವರ್ಷದಿಂದ ಅವನಿಗೆ ಗೊತ್ತಿದೆ. ಯಾಕೆ ಯಾರಿಗೂ ಹೇಳಲಿಲ್ಲ ಎಂದೆ. ಹೇಳಿದರೆ ಕಾಕಾಗೆ ಬೈಗುಳ ಬೀಳುತ್ತದೆ, ವಯಸ್ಸಾದವರು ಎಂದ."

ತನ್ಮಯ ನೆಲ ನೋಡುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

"ಇನ್ನು ಗಾಯ. ಹೊಕ್ಕಳು ನೋಡಿ ಕೂಸಿಗೆ ಎಷ್ಟು ದಿನ ಎಂದು ಹೇಳುತ್ತಿದ್ದವಳು ನಾನು. ಈ ಬೆರಳು ಕತ್ತರಿಸಿ ಮೂರು ವಾರವಾಗಿದೆ, ಎರಡು ವರ್ಷವಲ್ಲ. ಮೈಮೇಲೆ ಮೈಲುತುತ್ತ ಬೆರೆತ ಮಣ್ಣು. ನಿಫಾಡ್ ತೋಟದ್ದು. ನಾಸಿಕದಲ್ಲಿರುವ ಎಂಟು ಕಪ್ಪೆಗಳನ್ನು ಕಿಟ್ಟಣ್ಣ ತೊಳೆದಿದ್ದಾನೆ, ಎಂಟೂ ಲೆಕ್ಕಕ್ಕಿವೆ. ಈ ಕಪ್ಪೆ ಮೂರು ವಾರ ಯಾರದೋ ಕೈಯಲ್ಲಿದ್ದೂ ಸೋಮವಾರದವರೆಗೆ ನಿಫಾಡ್ ಮಣ್ಣಿನಲ್ಲೇ ಇತ್ತು. ಅಂಥ ಮಣ್ಣು ಎರಡೇ ಕಡೆ. ಸುಧೀರ ಸರ್ ಅವರ ಅಣ್ಣನ ತೋಟ, ಇಲ್ಲವೇ ಅವರು ಇಲ್ಲಿಗೆ ಕಳಿಸಿದ ಬುಟ್ಟಿ."

ಸುಧೀರ ಸರ್ ಕುರ್ಚಿಯ ಹಿಡಿ ಬಿಗಿಹಿಡಿದರು. "ನನ್ನ ಮೇಲೆ ಸಂಶಯವೇ?"

"ಇತ್ತು ಸರ್. ಹೊಟ್ಟೆಕಿಚ್ಚು ನಿಮಗೂ ಇತ್ತು. ತನ್ಮಯಗೂ ಸ್ವಲ್ಪ. ಈ ಕಿಟ್ಟಣ್ಣನಿಗೆ ಎಲ್ಲರಿಗಿಂತ ಜಾಸ್ತಿ, ಅದರಿಂದ ನನ್ನ ಎರಡು ದಿನ ಹೋಯಿತು. ಎಲ್ಲರ ಒಲೆಯಲ್ಲೂ ಕೆಂಡವಿತ್ತು. ಯಾರ ಕೈಗೆ ಕೊಳ್ಳಿ ಬಂತು ಎಂಬುದಷ್ಟೇ ನಾನು ಹುಡುಕಬೇಕಿದ್ದದ್ದು. ಅದನ್ನು ಹೇಳಿಕೊಟ್ಟದ್ದು ಗುರುವಾರದ ಒಂದು ಫೋನು."

ಮೃಣಾಲಿನಿ ಮ್ಯಾಡಮ್ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಕೆರೆಯಲ್ಲಿ ಬಾವಿಯಲ್ಲಿ ಹಿಡಿದ ಕಪ್ಪೆ ಕದಲಿದ್ದನ್ನೆಲ್ಲ ನುಂಗುತ್ತದೆ, ತಿನ್ನಿಸುವ ಕಷ್ಟ ಇಲ್ಲ. ತೊಟ್ಟಿಯಲ್ಲೇ ಬೆಳೆದು, ಕೋಲಿನ ತುದಿಯಿಂದ ತಿಂದು ರೂಢಿಯಾದದ್ದು ಮಾತ್ರ ಹಟ ಹಿಡಿಯುತ್ತದೆ. ಮ್ಯಾಡಮ್, ನಿಮ್ಮ ಕಪ್ಪೆಗಳೆಲ್ಲ ಹೊರಗಿನಿಂದ ಹಿಡಿದವು. ಮೂರು ದಿನದಿಂದ ತಿನ್ನದ್ದು ಯಾವುದು? ಸೋಮವಾರ ಸಂಜೆ ಬಂದು, ಮಂಗಳವಾರ, ಬುಧವಾರ, ಗುರುವಾರ ಉಪವಾಸ ಕೂತದ್ದು?"

"ಇದು ಬರೀ ಊಹೆ," ಎಂದರು ಮ್ಯಾಡಮ್. ದನಿ ಸಣ್ಣದಾಗಿತ್ತು.

"ಕಿಟ್ಟಣ್ಣ," ಎಂದು ಗಿರಿಜಮ್ಮ ನಮ್ಮ ಮಾತಿಗೆ ಬಂದರು, "ನಿನ್ನ ಮಗಳನ್ನ ಕರಿ."

ನಾನು ಗೋಡೆಗುಂಟ ನಡೆದೆ. ಒಂದೊಂದು ತೊಟ್ಟಿಯ ಮುಂದೂ ನಿಂತು ಅಂಚಿಗೆ ಮೂರು ಸಲ ಬಡಿದೆ. ಮೊದಲನೆಯದರಲ್ಲಿ ಕಪ್ಪೆ ಹಿಂದೆ ಸರಿಯಿತು. ಎರಡನೆಯದು ನೀರಿಗೆ ಮುಳುಗಿತು. ಮಣ್ಣಿದ್ದ ತೊಟ್ಟಿಯಲ್ಲಿ ನಿಫಾಡ್ ಕಪ್ಪೆಗಳು ಮೂರೇ ಇದ್ದವು, ನಾಲ್ಕಲ್ಲ. ಅವೂ ಮೂಲೆ ಸೇರಿದವು. ಒಂಬತ್ತನೆಯ ತೊಟ್ಟಿ. ಟಕ್, ಟಕ್, ಟಕ್.

ಧೊಪ್ ಎಂದು ಒಂದು ಭಾರದ ಮೈ ಜಾಳಿಗೆಗೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಜಾಳಿಗೆ ತೆಗೆದೆ. ಗುಂಡವ್ವ ಕೋಲಿನ ತುದಿಗೇ ಬಾಯಿ ಹಾಕಿದಳು. ಎತ್ತಿ ಅಂಗಾತ ಮಾಡಿ ಎಲ್ಲರಿಗೂ ಹಿಡಿದು ತೋರಿಸಿದೆ. ಎಡ ಹಿಂಗಾಲು, ಮೂರನೆಯ ಬೆರಳಿಲ್ಲ. ಹೊಟ್ಟೆ ತುಂಬ ಮೊಟ್ಟೆ ಹಾಗೇ ಇತ್ತು.

ಹರಿಪ್ರಿಯಾ ಬಾಯಿಗೆ ಕೈ ಅಡ್ಡ ಹಿಡಿದಳು.

ಮೃಣಾಲಿನಿ ಮ್ಯಾಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೆರಡು ವರ್ಷ," ಎಂದರು. "ಹನ್ನೆರಡು ವರ್ಷ ಕಣ್ಣು ಕೆಡಿಸಿಕೊಂಡೆ. ಗಂಡು ಕಪ್ಪೆಯ ಜೋಡಿ, ಹೆಣ್ಣು ಕಪ್ಪೆಯ ಜೋಡಿ, ಒಂದಕ್ಕೊಂದು ವ್ಯತ್ಯಾಸವೇ ಕಾಣಲಿಲ್ಲ. ಏನೂ ಸಿಗಲಿಲ್ಲ ಎಂದು ಬರೆದೆ. ಜನ ನಕ್ಕರು. ಈ ಹುಡುಗಿ ಒಂದು ಕಪ್ಪೆ ಸಾಕಿ ಒಂದೇ ಮಳೆಗಾಲದಲ್ಲಿ ಉತ್ತರ ಹೇಳುತ್ತಾಳಂತೆ. ಅದರ ಮೊಟ್ಟೆ ಕೊಟ್ಟವಳು ನಾನು! ಕೆರೆ ತೋರಿಸಿದವಳು ನಾನು! ಇಲ್ಲಿ ಬಿಡಕಿನ್ ಗಂಡುಗಳಿವೆ, ಹೆಣ್ಣೊಂದು ಇರಲಿಲ್ಲ. ಮಳೆ ಬಿದ್ದರೆ ಇಲ್ಲೇ ಮೊಟ್ಟೆ ಇಡುತ್ತಾಳೆ, ಮೊದಲು ನನ್ನ ಹೆಸರು ಬರಲಿ ಎಂದು..." ನಿಲ್ಲಿಸಿದರು. "ಸರ್ ಮೇಜಿನ ಮೇಲಿನ ಬೀಗದ ಕೈ ತೆಗೆದುಕೊಂಡೆ. ಆ ಕಪ್ಪೆಯನ್ನು ಊಟದ ಚೀಲದಲ್ಲಿ ತಂದೆ, ಇವಳನ್ನು ಅದರಲ್ಲೇ ಒಯ್ದೆ. ಇವಳನ್ನು ಕೊಲ್ಲಲು ಮನಸ್ಸು ಬರಲಿಲ್ಲ."

"ಇನ್ನೊಂದನ್ನು ಕೊಂದಿರಿ," ಎಂದರು ಗಿರಿಜಮ್ಮ.

"ಬದುಕಿದ್ದನ್ನು ಇಟ್ಟರೆ ಭಾನುವಾರದ ತೂಕದಲ್ಲಿ ಸಿಕ್ಕಿಬೀಳುತ್ತಿದ್ದೆ. ಸತ್ತದ್ದನ್ನು ಯಾರೂ ತೂಗುವುದಿಲ್ಲ ಎಂದುಕೊಂಡೆ."

ಹರಿಪ್ರಿಯಾ ಎದ್ದು ಅವರ ಮುಂದೆ ಹೋದಳು. ಕೈ ಎತ್ತುತ್ತಾಳೇನೋ ಎಂದುಕೊಂಡೆ.

"ಮ್ಯಾಡಮ್, ನಿಮ್ಮನ್ನ ಮಾಫ್ ಮಾಡೋದು ನನ್ನಿಂದ ಆಗಲ್ಲ, ಇವತ್ತು ಆಗಲ್ಲ," ಎಂದಳು. "ಆದರೆ ಆ ಸ್ಲೈಡುಗಳು ನನಗೆ ಬೇಕು. ಎರಡೂ ಒಂದೇ ಥರ ಕಾಣ್ತವೆ ಅನ್ನೋದು ಸೋಲು ಅಂತ ಯಾರು ಹೇಳಿದರು? ಜೋಡಿ ಇನ್ನೂ ಸವೆದಿಲ್ಲ, ಹೊಸದು ಅಂತ ಅರ್ಥ. ಅರ್ಧ ಉತ್ತರ ಹನ್ನೆರಡು ವರ್ಷದಿಂದ ನಿಮ್ಮ ಕಪಾಟಿನಲ್ಲಿತ್ತು. ಕೇಳಿದ್ದರೆ ಇಬ್ಬರ ಹೆಸರೂ ಬರುತ್ತಿತ್ತು."

ಆಗ ಮ್ಯಾಡಮ್ ಅತ್ತರು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಮುಂದೆ ಏನು ಮಾಡಬೇಕೆಂಬುದನ್ನು ಸುಧೀರ ಸರ್ ಕಾಲೇಜಿಗೆ ಬರೆದರು. ಮ್ಯಾಡಮ್ ತಾವಾಗಿಯೇ ಸಮಿತಿ ಬಿಟ್ಟರು. ಸ್ಲೈಡಿನ ನಾಲ್ಕು ಪೆಟ್ಟಿಗೆ ಆಗಸ್ಟಿನಲ್ಲಿ ನಾಸಿಕಕ್ಕೆ ಬಂದವು, ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಹೈದರಾಬಾದಿನ ಸಭೆಯ ಹಾಳೆಯಲ್ಲಿ ಸುಧೀರ ಸರ್ ತಮ್ಮ ಹೆಸರನ್ನು ಕೆಳಗೇ ಬಿಟ್ಟರು.

ಗುಂಡವ್ವ ಮನೆಗೆ ಬಂದ ಮೂರನೆಯ ದಿನ ಮಳೆ ಹೊಡೆಯಿತು. ಬಿಡಕಿನ್ ಗಂಡಿನ ಜೊತೆ ಬಿಟ್ಟೆವು. ಬೆಳಿಗ್ಗೆ ನೀರಿನ ತುಂಬ ಮೊಟ್ಟೆ. ಸೆಪ್ಟೆಂಬರ್ ಮೂರನೆಯ ವಾರ ಹರಿಪ್ರಿಯಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಒಂದೊಂದೇ ಮರಿ ನೋಡುತ್ತ ಹೋದಳು, ತನ್ಮಯ ಬರೆದುಕೊಳ್ಳುತ್ತ ಹೋದ. ಗಿರಿಜಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹೆರಿಗೆಮನೆಯ ಹೊರಗೆ ಕಾಯುವವರ ಹಾಗೆ ಕೂತಿದ್ದರು. ನೂರಾ ಹದಿನಾಲ್ಕು ಮರಿ. ನೂರಾ ಹದಿನಾಲ್ಕೂ ಗಂಡು. ಒಂದೇ ಒಂದು ಹೆಣ್ಣಿಲ್ಲ.

"ಅವ್ವನ ಕಡೆಯಿಂದ," ಎಂದು ಹರಿಪ್ರಿಯಾ ಕೂಗಿದಳು. "ಆಜಿ, ಬಿಡಕಿನ್‌ದಾಗ ಅವ್ವನೇ ಠರವತೆ! ಅವ್ವನೇ ನಿರ್ಧಾರ ಮಾಡೋದು!"

ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೂವತ್ತೊಂದು ವರ್ಷ ವಾರ್ಡಿನ್ಯಾಗ ನೋಡೀನಿ. ಹೆಣ್ಣು ಹುಟ್ಟಿದ ಕೂಡಲೇ ಅತ್ತೇರು ಸೊಸೀಗೆ ಬೈಯೋರು. ಅದು ನಿನ್ನ ಮಗನ ಕಡೆಯಿಂದ ಬೇ, ಅಕೀದೇನೂ ತಪ್ಪಿಲ್ಲ ಅಂತ ಹೇಳಿ ಹೇಳಿ ಗಂಟಲ ಹರೀತು. ಅವರು ಅಂದದ್ದು ಕಡೀಕ ಕಪ್ಪೀ ವಿಷಯದಾಗರ ಖರೆ ಆತು ನೋಡು."

ಆ ದಿನ ರಿಜಿಸ್ಟರ್ ತಿದ್ದಬೇಕಾಯಿತು. ಹರಿಪ್ರಿಯಾ 'ಬಲ' ಎಂಬುದಕ್ಕೆ ಗೆರೆ ಎಳೆದು 'ಎಡ' ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಕೇಳಿದಳು. ಅಕ್ಷರ ಸೊಟ್ಟ ಬಂದವು. ಅವಳು ಡಬ್ಬಿ ತೆಗೆದು ಮೊದಲ ಚಪಾತಿ ನನಗೆ ಕೊಟ್ಟಳು.

ಅದನ್ನು ಎರಡು ಭಾಗ ಮಾಡಿ ಅರ್ಧ ತನ್ಮಯನ ಕೈಗಿಟ್ಟೆ. ಆಮೇಲೆ ಮೂಲೆಯಲ್ಲಿದ್ದ ಬಿದಿರು ಕೋಲನ್ನೂ ತಂದುಕೊಟ್ಟೆ.

"ಮೂರು ಸಲ ಬಡಿ," ಎಂದೆ. "ಮೆಲ್ಲಕ. ಅಕಿ ಗುರುತು ಹಿಡೀತಾಳ."

ಅವನು ಬಡಿದ. ಗುಂಡವ್ವ ತಲೆ ಎತ್ತಿ ಮೊದಲು ನನ್ನನ್ನೇ ನೋಡಿದಳು ಎಂದು ನನಗನ್ನಿಸಿತು. ಆಮೇಲೆ ಅವನ ಕಡೆ ಕುಪ್ಪಳಿಸಿದಳು. ನಾನು ಅಲ್ಲೇ ನಿಂತು ನೋಡಿದೆ, ಅವಳು ತಿಂದು ಮುಗಿಸುವವರೆಗೆ.